ಮೊದಲು ಅಂಚೆಪೆಟ್ಟಿಗೆಗೆ ಹೆಸರು ಅಂಟಿಸಿ: ಜಾಲಿಯಿಂದ ಮ್ಯೂನಿಕ್‌ಗೆ ಹೊರಟವರಿಗೆ ಹತ್ತು ಸೂತ್ರ

ಭಟ್ಕಳ, ಜಾಲಿ ಕಡೆಯ ಮನೆಗಳಿಗೆ ಮಗನನ್ನು ಪರದೇಶಕ್ಕೆ ಕಳಿಸುವುದು ಹೊಸತಲ್ಲ. ದುಬೈಗೋ ದಮಾಮಿಗೋ ಹೋದವನಿಗೆ ವಿಮಾನ ಇಳಿದ ಕೂಡಲೇ ಊರಿನವರ ರೂಮು ಸಿಗುತ್ತದೆ, ಜಮಾತ್ ಇರುತ್ತದೆ, ಅಲ್ಲೇ ಎಷ್ಟೋ ವರ್ಷ ಕಳೆದ ಚಿಕ್ಕಪ್ಪನಿರುತ್ತಾನೆ. ಈಗ ಎಂಜಿನಿಯರಿಂಗ್ ಮುಗಿಸಿದ ಹುಡುಗ ಹುಡುಗಿಯರು ಎಂ.ಎಸ್. ಎಂದು ಜರ್ಮನಿಯ ಕಡೆ ಮುಖ ಮಾಡಿದ್ದಾರೆ; ಹೊನ್ನಾವರ, ಕುಮಟೆಯವರೂ ಅಷ್ಟೇ. ಅಲ್ಲಿ ಗಲ್ಫಿನ ಅನುಭವ ಅರ್ಧವೂ ಕೆಲಸಕ್ಕೆ ಬರುವುದಿಲ್ಲ. ಚಿಕ್ಕಪ್ಪ ಮಾಡಿಕೊಡುತ್ತಿದ್ದ ಕೆಲಸವನ್ನೆಲ್ಲ ಅಲ್ಲಿ ಕಾಗದ ಮಾಡುತ್ತದೆ. ಓದಿನ ಬಗ್ಗೆ ಹೇಳಲು ಬೇರೆಯವರಿದ್ದಾರೆ. ಇಲ್ಲಿರುವುದು ದಿನ ದೂಡುವ ಮಾತು, ಉದಾಹರಣೆಗೆ ಮ್ಯೂನಿಕ್ ನಗರ.

1. ಹಣದ ಲೆಕ್ಕ ಊರಲ್ಲೇ ಮುಗಿಸಿ. ‘ಜರ್ಮನಿಯಲ್ಲಿ ಓದು ಫ್ರೀ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನಿಂದ ಹೊಸದಾಗಿ ಸೇರುವವರಿಗೆ ಫೀಸು ಹಾಕಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಇಲ್ಲವೆ 6,000 ಯೂರೋ. ಬೇರೆ ಬಹಳಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಫೀಸಿಲ್ಲ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಅದರಿಂದ ನಿಮ್ಮ ಕೈಗೆ ಬರುವುದು ತಿಂಗಳಿಗೆ 992, ಅದರಲ್ಲೂ ಬಹುಪಾಲನ್ನು ಮ್ಯೂನಿಕ್‌ನ ಬಾಡಿಗೆ ನುಂಗುತ್ತದೆ. ಅಲ್ಲಿ ಬ್ಯಾಂಕ್ ಖಾತೆ ತೆರೆಯುವವರೆಗೆ ಆ ಹಣ ಹೊರಬರುವುದಿಲ್ಲ. ಮೊದಲ ತಿಂಗಳಿನ ಖರ್ಚು, ಅಡ್ವಾನ್ಸು ಬೇರೆಯೇ ಇರಲಿ.

2. ಸೂಟ್‌ಕೇಸಿನಲ್ಲಿ ಒಣಮೀನು ನಡೆಯುತ್ತದೆ, ತುಪ್ಪ ನಡೆಯುವುದಿಲ್ಲ. ಅಮ್ಮಂದಿರು ಇದನ್ನು ನಂಬುವುದು ಕಷ್ಟ. ಹೊರದೇಶದಿಂದ ಬರುವವರು ಮಾಂಸ, ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಆದ್ದರಿಂದ ಮನೆಯಲ್ಲಿ ಕಾಯಿಸಿದ ತುಪ್ಪ, ಪೇಡೆ, ಡಬ್ಬಿಗೆ ತುಂಬಿದ ಭಟ್ಕಳ ಬಿರಿಯಾನಿ ಮೂರನ್ನೂ ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳಬಹುದು. ಮೀನಿಗೆ ಮಾತ್ರ ತಲೆಗೆ 20 ಕಿಲೋವರೆಗೆ ರಿಯಾಯಿತಿ ಇದೆ, ಒಣಗಿಸಿದ್ದೂ ಸೇರಿ. ಹಸಿ ಕರಿಬೇವು, ಮಾವಿನಹಣ್ಣು ಪ್ರಮಾಣಪತ್ರವಿಲ್ಲದೆ ಒಳಗೆ ಹೋಗುವುದಿಲ್ಲ. ತೆಂಗಿನಕಾಯಿಗೆ ಅವರ ಅಭ್ಯಂತರವಿಲ್ಲ. ಆದರೆ ಒಣಕೊಬ್ಬರಿ ಬೆಂಕಿ ಹೊತ್ತಿಕೊಳ್ಳುವ ವಸ್ತು ಎಂದು ನಮ್ಮ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿಪ್ಪೆ ಧಾರಾಳವಾಗಿ ಒಯ್ಯಿರಿ. ಉಪ್ಪಿನಕಾಯಿಯ ಭರಣಿಗೆ ನಾಲ್ಕು ಸುತ್ತು ಪ್ಲಾಸ್ಟಿಕ್ ಸಾಲದು, ಆರು ಸುತ್ತಿ.

3. ಮನೆ ನೋಡದೆ ದುಡ್ಡು ಕಳಿಸಬೇಡಿ. ‘ನಾನು ಸದ್ಯ ಲಂಡನ್‌ನಲ್ಲಿದ್ದೇನೆ, ಅಡ್ವಾನ್ಸು ಹಾಕಿ, ಕೀಲಿ ಕೊರಿಯರಿನಲ್ಲಿ ಬರುತ್ತದೆ’ ಎಂದವನು ಮೋಸಗಾರ, ಇನ್ನು ವಿಚಾರಿಸುವುದೇನೂ ಇಲ್ಲ. ವಿದ್ಯಾರ್ಥಿ ಹಾಸ್ಟೆಲಿಗೆ ಪ್ರವೇಶ ಸಿಕ್ಕ ದಿನವೇ ಅರ್ಜಿ ಹಾಕಿ, ಸರದಿ ಉದ್ದವಿರುತ್ತದೆ.

4. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿರಲಿ. ಜಾಲಿಯಲ್ಲಿ ಅಪ್ಪನ ಹೆಸರು ಹೇಳಿದರೆ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬರುತ್ತಾನೆ. ಜರ್ಮನಿಯ ವಿಳಾಸದಲ್ಲಿ ಬೀದಿ ಮತ್ತು ಕಟ್ಟಡದ ನಂಬರು ಇರುತ್ತವೆ, ಫ್ಲಾಟ್ ನಂಬರು ಸಾಮಾನ್ಯವಾಗಿ ಇರುವುದೇ ಇಲ್ಲ. ಕೆಳಗೆ ಸಾಲಾಗಿ ಪೆಟ್ಟಿಗೆಗಳು. ಯಾವುದರ ಮೇಲೆ ಯಾರ ಹೆಸರೋ ಅವರ ಪತ್ರ ಅದರೊಳಗೆ. ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡು, ವಿಮೆಯ ಕಾಗದ, ವೀಸಾ ಕಚೇರಿಯ ಪತ್ರ ಎಲ್ಲ ಬಂದ ದಾರಿಯಲ್ಲೇ ವಾಪಸು. ನಾಯ್ಕ, ಮೊಗೇರ, ಹೆಗಡೆ ಎಂದು ಪಾಸ್‌ಪೋರ್ಟಿನಲ್ಲಿ ಇರುವುದನ್ನೇ ಬರೆಯಿರಿ; ಮನೆಯಲ್ಲಿ ಕರೆಯುವ ಹೆಸರು ಬೇಡ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟವರು ಹೊರಡುವ ಮೊದಲೇ ಸರಿಪಡಿಸಿಕೊಳ್ಳುವುದು ಜಾಣತನ.

ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ‘ಆನ್‌ಮೆಲ್ಡುಂಗ್’ ಎಂದರೆ ಇದೇ. ಇದಕ್ಕೆ ಮನೆಯ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ‘ರೂಮು ಕೊಡುತ್ತೇನೆ, ಸಹಿ ಮಾತ್ರ ಕೇಳಬೇಡ’ ಎನ್ನುವವರ ಮನೆಗೆ ಹೋಗಬೇಡಿ. ಈ ನೋಂದಣಿಯಿಲ್ಲದೆ ತೆರಿಗೆ ನಂಬರು ಬರುವುದಿಲ್ಲ, ಮುಂದಿನ ಕೆಲಸ ಯಾವುದೂ ಸಲೀಸಾಗಿ ಆಗುವುದಿಲ್ಲ.

5. ಬಂದ ಪತ್ರವನ್ನು ಅಂದೇ ಒಡೆಯಿರಿ. ರೇಡಿಯೋ–ಟಿವಿ ಶುಲ್ಕವೆಂದು ತಿಂಗಳಿಗೆ 18.36 ಯೂರೋ ಕೇಳಿ ಒಂದು ಪತ್ರ ಬರುತ್ತದೆ. ನನ್ನ ಹತ್ತಿರ ಟಿವಿಯೇ ಇಲ್ಲ, ಯಾರೋ ಆಟ ಕಟ್ಟುತ್ತಿದ್ದಾರೆ ಎಂದು ಕಸಕ್ಕೆ ಹಾಕಬೇಡಿ. ಟಿವಿ ಇರಲಿ ಬಿಡಲಿ, ಕೊಡಲೇಬೇಕು. ಒಂದೇ ಸಮಾಧಾನವೆಂದರೆ ಅದು ಮನೆಗೊಂದು, ತಲೆಗೊಂದು ಅಲ್ಲ. ಮೂವರು ಒಟ್ಟಿಗಿದ್ದರೆ ಒಬ್ಬರು ಕಟ್ಟಿ, ಉಳಿದವರು ಆ ನಂಬರು ತಿಳಿಸಿದರೆ ಸಾಕು.

6. ಚಳಿಯಲ್ಲೂ ಕಿಟಕಿ ತೆರೆಯಿರಿ. ಕರಾವಳಿಯವರು ತಪ್ಪುವುದು ಇಲ್ಲೇ. ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ನೋಡುತ್ತ ಬೆಳೆದವರು ನಾವು. ತೇವ ಹೊರಗಿನಿಂದ ಬರುತ್ತದೆ, ಕಿಟಕಿ ಮುಚ್ಚಿದರೆ ಬಚಾವು ಎಂಬುದು ನಮ್ಮ ಲೆಕ್ಕ. ಮ್ಯೂನಿಕ್‌ನ ಜನವರಿಯಲ್ಲಿ ಲೆಕ್ಕ ಉಲ್ಟಾ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಿನ ಅಂಶ ತೀರಾ ಕಡಿಮೆ. ತೇವ ಹುಟ್ಟುವುದು ಒಳಗೆ: ಗಂಜಿ ಕುದಿಯುವ ಆವಿ, ಬಿಸಿನೀರಿನ ಸ್ನಾನ, ಹೀಟರಿನ ಮೇಲೆ ಹರವಿದ ಬಟ್ಟೆ, ನಿಮ್ಮದೇ ಉಸಿರು. ಅದು ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ. ಕಪಾಟಿನ ಹಿಂದೆ, ಮೂಲೆಯಲ್ಲಿ ಕಪ್ಪು ಚುಕ್ಕಿಗಳೇಳುತ್ತವೆ. ಅಲ್ಲಿಯ ಕಿಟಕಿಯ ಹಿಡಿಗೆ ಮೂರು ಸ್ಥಾನ. ಕೆಳಗಿದ್ದರೆ ಮುಚ್ಚಿದೆ, ಅಡ್ಡಲಾಗಿದ್ದರೆ ಬಾಗಿಲಿನಂತೆ ಪೂರ್ತಿ ತೆರೆಯುತ್ತದೆ, ಮೇಲಿದ್ದರೆ ತುದಿ ಮಾತ್ರ ಒಳಕ್ಕೆ ವಾಲುತ್ತದೆ. ದಿನವಿಡೀ ವಾಲಿಸಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ, ಹೀಟರಿನ ಬಿಲ್ಲು ಏರುತ್ತದೆ. ಹೀಟರ್ ಆರಿಸಿ, ಹಿಡಿ ಅಡ್ಡ ತಿರುಗಿಸಿ, ಐದರಿಂದ ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಿ. ದಿನಕ್ಕೆ ಎರಡು ಮೂರು ಸಲ, ಅಡುಗೆಯಾದ ಮೇಲೆ ತಪ್ಪದೆ. ಮೂರು ತಿಂಗಳ ಮೂಲ ಬಾಡಿಗೆಯಷ್ಟು ಅಡ್ವಾನ್ಸು ಕೇಳಲು ಅಲ್ಲಿ ಕಾನೂನಿನ ಒಪ್ಪಿಗೆಯಿದೆ. ಮನೆ ಬಿಡುವಾಗ ಬೂಷ್ಟು ಕಂಡರೆ ಜಗಳ ಆ ಹಣದ ಮೇಲೆಯೇ ಶುರುವಾಗುತ್ತದೆ. ಸೇರಿದ ದಿನವೇ ಗೋಡೆಗಳ ಫೋಟೋ ತೆಗೆದಿಡಿ.

7. ಶನಿವಾರವೇ ಅಕ್ಕಿ ತನ್ನಿ. ಭಾನುವಾರ ಅಂಗಡಿ ಇಲ್ಲ. ಉಳಿದ ದಿನವೂ ಮ್ಯೂನಿಕ್‌ನಲ್ಲಿ ಸೂಪರ್ ಮಾರ್ಕೆಟ್‌ಗಳು ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತವೆ. ದೊಡ್ಡ ರೈಲು ನಿಲ್ದಾಣಗಳ ಅಂಗಡಿಗಳಷ್ಟೇ ಗತಿ. ಆಗಸ್ಟ್ 15ಕ್ಕೂ ಅಲ್ಲಿ ರಜೆ, ಮೇರಿಮಾತೆಯ ಹಬ್ಬಕ್ಕೆಂದು! ನಮ್ಮ ಸ್ವಾತಂತ್ರ್ಯೋತ್ಸವದ ದಿನ ಸಿಹಿ ಮಾಡುವವರು ಹಿಂದಿನ ದಿನವೇ ಸಕ್ಕರೆ ತಂದಿಟ್ಟುಕೊಳ್ಳಿ. ಕುಚ್ಚಲಕ್ಕಿ ಬೇಕೆಂದರೆ ಶ್ರೀಲಂಕಾ ತಮಿಳರ ಅಂಗಡಿ ಹುಡುಕಿ, ಕೆಂಪಕ್ಕಿ, ತೆಂಗಿನಕಾಯಿ ಎಲ್ಲ ಅಲ್ಲಿ ಸಿಗುತ್ತದೆ. ಹಲಾಲ್ ಮಾಂಸ, ಕಡಲೆ, ಕೊತ್ತಂಬರಿ ಸೊಪ್ಪಿಗೆ ತುರ್ಕಿಯವರ ಅಂಗಡಿ. ಒಣಮೀನು ಹುರಿಯುವ ಮುನ್ನ ಜೊತೆಗಾರರನ್ನು ಒಂದು ಮಾತು ಕೇಳಿ. ಹೊಗೆಗೆ ಅಲಾರಂ ಕೂಗಿದರೆ ಕಟ್ಟಡವಿಡೀ ಬೀದಿಗಿಳಿಯಬೇಕಾದೀತು. ಖಾಲಿ ಬಾಟಲಿ ಎಸೆಯಬೇಡಿ. ಪ್ಲಾಸ್ಟಿಕ್ ಬಾಟಲಿ, ಡಬ್ಬಿಗೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು.

8. ಗೇಟಿಲ್ಲವೆಂದು ಟಿಕೆಟ್ ಬಿಡಬೇಡಿ. ಮೆಟ್ರೋದಲ್ಲಿ ತಡೆಯುವವರಿಲ್ಲ, ಸಾದಾ ಬಟ್ಟೆಯ ತಪಾಸಣೆಯವರು ಯಾವಾಗಲಾದರೂ ಹತ್ತಬಹುದು. ದಂಡ 60 ಯೂರೋ. ದೇಶವಿಡೀ ಲೋಕಲ್ ರೈಲು, ಬಸ್ಸಿಗೆ ನಡೆಯುವ ತಿಂಗಳ ಪಾಸು 2023ರಲ್ಲಿ 49 ಯೂರೋಗೆ ಶುರುವಾಗಿ 2026ರ ಜನವರಿಗೆ 63 ಆಯಿತು. ಬವೇರಿಯದ ವಿದ್ಯಾರ್ಥಿಗಳಿಗೆ ಕಡಿಮೆ. ಮುಂದಿನ ತಿಂಗಳು ಬೇಡವೆಂದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು.

9. ದುಡಿಯಿರಿ, ದಿನ ಎಣಿಸಿಕೊಂಡು. 2024ರ ಮಾರ್ಚಿನಿಂದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. 2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ, ಅದಕ್ಕಿಂತ ಕಡಿಮೆಗೆ ಕೈಯಲ್ಲಿ ನಗದು ಕೊಡುತ್ತೇನೆಂದರೆ ಊರಿನವರೇ ಆಗಿರಲಿ, ಬೇಡವೆನ್ನಿ. ಇನ್ನೊಬ್ಬರ ಹೆಸರಿನ ಆ್ಯಪ್‌ನಲ್ಲಿ ಊಟ ಹಂಚಲು ಹೋಗಲೇಬೇಡಿ. ಸಿಕ್ಕಿಬಿದ್ದರೆ ಹೋಗುವುದು ವೀಸಾ.

10. ಅಮ್ಮನಿಗೆ ಹೊತ್ತು ಹೇಳಿಡಿ. ಬೇಸಿಗೆಯಲ್ಲಿ ಜಾಲಿ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿಯ ಗಡಿಯಾರ ಬದಲಾಗುತ್ತದೆ. ರಾತ್ರಿ ಊಟ ಮುಗಿಸಿ ಎಂಟಕ್ಕೆ ಫೋನ್ ಮಾಡಿದರೆ ಊರಲ್ಲಿ ಹನ್ನೊಂದೂವರೆಯೋ ಹನ್ನೆರಡೂವರೆಯೋ ಆಗಿ, ಏನಾಯಿತೋ ಎಂದು ಮನೆಯವರೆಲ್ಲ ಎದ್ದು ಕೂರುತ್ತಾರೆ. ಬೆಳಿಗ್ಗೆ ಎಂಟಕ್ಕೆ ಮಾಡಿದರೆ ಊರಲ್ಲಿ ಮಧ್ಯಾಹ್ನದ ಅಡುಗೆಯ ಹೊತ್ತು, ಮಾತಿಗೆ ಪುರುಸೊತ್ತಿರುತ್ತದೆ. ಟ್ರಾಮಿನಲ್ಲಿ ಕೂತು ಮಾತ್ರ ಮಾಡಬೇಡಿ. ನಮ್ಮ ಸಾಮಾನ್ಯ ದನಿ ಅಲ್ಲಿಯವರ ಕಿವಿಗೆ ಜಗಳದ ದನಿ. ಇಳಿದು, ನಡೆಯುತ್ತ ಮಾತಾಡಿ.