ಕಾರಿನೊಳಗೆ ಇಲಿ: ಪೊರಕೆ ಹಿಡಿಯುವ ಮುನ್ನ

ಮಳೆಗಾಲದಲ್ಲಿ ಒಂದು ವಾರ ಪರಊರಿಗೆ ಹೋಗಿ ಬಂದ ಗೃಹಸ್ಥರೊಬ್ಬರು ಕಾರಿನ ಬಾಗಿಲು ತೆರೆದಾಗ ಗಬ್ಬುನಾತ ಮೂಗಿಗೆ ಬಡಿಯಿತು. ಸೀಟಿನ ಸ್ಪಂಜು ಹರಿದಿತ್ತು. ಸೋರಿದ ಮಳೆನೀರಿಗೆ ಒದ್ದೆಯಾಗಿದ್ದ ಕಾರ್ಪೆಟ್ಟಿನ ಮೇಲೆಲ್ಲ ಇಲಿ ಹಿಕ್ಕೆ. ಅವರು ಬರಿಗೈಯಲ್ಲೇ ಅದನ್ನು ಎತ್ತಿ ಹಿಂಡಿ, ಪೊರಕೆಯಿಂದ ಗುಡಿಸಿ ಕೆಲಸ ಮುಗಿಸಿದರು. ಬೆರಳಿನಲ್ಲಿ ಇನ್ನೂ ಮಾಯದ ಗಾಯವೊಂದಿತ್ತು. ಹತ್ತು ದಿನ ಕಳೆದ ಮೇಲೆ ಚಳಿಜ್ವರ, ತಲೆನೋವು, ಮೈಕೈ ನೋವು ಶುರುವಾಯಿತು. ಫ್ಲೂ ಇರಬೇಕೆಂದು ಅಂಗಡಿಯ ಮಾತ್ರೆ ನುಂಗಿದರು. ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದಾಗ ಆಸ್ಪತ್ರೆಗೆ ಸೇರಬೇಕಾಯಿತು. ಇಲಿಯ ವಿಷಯ ಅವರ ಬಾಯಿಂದ ಹೊರಬಂದದ್ದು ವೈದ್ಯರು ಕೆದಕಿ ಕೇಳಿದ ಮೇಲೆಯೇ.

ಅವರಿಗೆ ಬಂದದ್ದು ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಕಾರಿಗೆ ಇಲಿ ನುಗ್ಗಿದರೆ ನಾವು ಮೆಕ್ಯಾನಿಕ್‌ನ ಖರ್ಚನ್ನಷ್ಟೇ ಲೆಕ್ಕ ಹಾಕುತ್ತೇವೆ. ಆರೋಗ್ಯದ ಲೆಕ್ಕವೂ ಇದೆ.

ರೋಗ ಹೇಗೆ ತಗಲುತ್ತದೆ?

ಈ ರೋಗಾಣು ಇಲಿಯ ಮೂತ್ರಪಿಂಡದಲ್ಲಿ ನೆಲೆಸಿ ಮೂತ್ರದ ಮೂಲಕ ಹೊರಬರುತ್ತದೆ. ಒಣಗಿದರೆ ಬೇಗ ಸಾಯುತ್ತದೆ. ತೇವವಿದ್ದಲ್ಲಿ ದಿನಗಟ್ಟಲೆ, ವಾರಗಟ್ಟಲೆ ಬದುಕಬಲ್ಲದು. ಗಾಯ, ತರಚಿದ ಚರ್ಮ, ಕಣ್ಣು, ಮೂಗು, ಬಾಯಿಗಳ ಮೂಲಕ ನಮ್ಮ ದೇಹವನ್ನು ಹೊಗುತ್ತದೆ. ಆದ್ದರಿಂದಲೇ ಮಳೆಗಾಲದಲ್ಲಿ ಒದ್ದೆಯಾದ ಕಾರ್ಪೆಟ್ಟು, ಮ್ಯಾಟಿನಡಿಯ ನೀರು ಹೆಚ್ಚು ಅಪಾಯಕಾರಿ.

ಒಣಗಿದ ಹಿಕ್ಕೆಯ ತೊಂದರೆ ಬೇರೆ. ಅದರ ಧೂಳು ಆಸ್ತಮಾ ಇರುವವರಿಗೆ ಉಬ್ಬಸ ತರಬಹುದು. 1993ರಲ್ಲಿ ಅಮೆರಿಕದ ನೈರುತ್ಯ ಭಾಗದಲ್ಲಿ ಆರೋಗ್ಯವಂತ ಯುವಕರನ್ನೂ ಬಲಿತೆಗೆದುಕೊಂಡ ಹಂಟಾ ವೈರಸ್ ಹರಡಿದ್ದು ಅಲ್ಲಿನ ಒಂದು ಜಾತಿಯ ಕಾಡು ಇಲಿಯಿಂದ. ಅದರ ಮಲಮೂತ್ರದ ಧೂಳನ್ನು ಉಸಿರಾಡಿದವರಿಗೆ ರೋಗ ತಗಲಿತ್ತು. ಆ ಕಾಯಿಲೆ ನಮ್ಮಲ್ಲಿ ಅಪರೂಪ. ಆದರೆ ಇಲಿ ಹಿಕ್ಕೆಯನ್ನು ಒಣದಾಗಿ ಗುಡಿಸಬಾರದೆಂಬ ಪಾಠ ಎಲ್ಲರಿಗೂ ಒಂದೇ.

ಸ್ವಚ್ಛಗೊಳಿಸುವ ಕ್ರಮ

* ಕಾರನ್ನು ಬಯಲಿಗೆ ತಂದು ಎಲ್ಲ ಬಾಗಿಲು ತೆರೆದು ಅರ್ಧ ಗಂಟೆಯಾದರೂ ಗಾಳಿಯಾಡಲು ಬಿಡಿ. ಏಸಿ, ಫ್ಯಾನು ಹಾಕಬೇಡಿ. ಮಕ್ಕಳನ್ನು ದೂರವಿರಿಸಿ.

* ರಬ್ಬರ್ ಕೈಗವಸು ಧರಿಸಿ. ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ.

* ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ. ಒಂದು ಪಾಲು ದ್ರವರೂಪದ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆ, ಗೂಡಿನ ಮೇಲೆ ಸಿಂಪಡಿಸಿ. ಐದು ನಿಮಿಷ ನೆನೆಯಲಿ. ಬ್ಲೀಚ್‌ನ್ನು ಆ್ಯಸಿಡ್ ಅಥವಾ ಬೇರೆ ಶುಚಿಕಾರಕಗಳ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

* ನೆನೆದದ್ದನ್ನು ಹಳೆಯ ಕಾಗದದಿಂದ ಒರೆಸಿ ತೆಗೆದು, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಸತ್ತ ಇಲಿಗೂ ಇದೇ ಕ್ರಮ.

* ಬ್ಲೀಚ್‌ನಿಂದ ಬಟ್ಟೆಯ ಸೀಟಿನ ಬಣ್ಣ ಹೋಗುತ್ತದೆ. ಅದಕ್ಕೆ ಸೋಪಿನ ಪುಡಿಯ ನೀರು ಬಳಸಿ ಉಜ್ಜಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ.

* ಏಸಿಯ ಫಿಲ್ಟರ್‌ನಲ್ಲಿ ಗೂಡು ಕಟ್ಟಿದ್ದರೆ ಅದನ್ನು ಬದಲಿಸಿದ ಮೇಲಷ್ಟೇ ಏಸಿ ಹಾಕಿ.

* ಕೊನೆಗೆ ಕೈಗವಸನ್ನು ಸೋಪಿನಿಂದ ತೊಳೆದು ಕಳಚಿ, ಆಮೇಲೆ ಕೈ ತೊಳೆಯಿರಿ.

ಕಾರನ್ನು ದೂರ ಓಡಿಸುವ ಮೊದಲು ತಂತಿ, ಕೊಳವೆಗಳನ್ನು ಮೆಕ್ಯಾನಿಕ್‌ಗೆ ತೋರಿಸಿ. ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಿರುತ್ತದೆ. ಅದನ್ನು ಸವೆಸಲು ಅದು ಕಡಿಯುತ್ತಲೇ ಇರಬೇಕು. ತಂತಿಯ ಹೊದಿಕೆ ಹೋದರೆ ಬೆಂಕಿ ಹತ್ತುವ ಸಂಭವವುಂಟು.

ಮತ್ತೆ ಬಾರದಂತೆ

ಇಲಿ ಬರುವುದು ಎಂಜಿನ್ನಿನ ಬೆಚ್ಚಗೆ ಮತ್ತು ನಾವು ಬಿಟ್ಟ ತಿಂಡಿಯ ಚೂರುಗಳಿಗೆ. ಕಾರಿನಲ್ಲಿ ಬಿಸ್ಕತ್ತು, ಕಡಲೆಕಾಯಿ ಉಳಿಸಬೇಡಿ. ಕಸದ ರಾಶಿ, ಹುಲ್ಲುಪೊದೆಯ ಪಕ್ಕ ನಿಲ್ಲಿಸಬೇಡಿ. ವಾರಗಟ್ಟಲೆ ನಿಲ್ಲಿಸಿಡುವುದಕ್ಕಿಂತ ಎರಡು ದಿನಕ್ಕೊಮ್ಮೆ ಓಡಿಸಿ. ಪೆನ್ಸಿಲ್ ತೂರುವಷ್ಟು ಕಿಂಡಿ ಇದ್ದರೂ ಪುಟ್ಟ ಇಲಿ ನುಸುಳುತ್ತದೆ. ಗಾಳಿ ಒಳಬರುವ ಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸಿ. ಕಾರಿನ ಹೊರಗೆ, ಚಕ್ರದ ಬಳಿ ಬೋನು ಇಡಿ.

ಕಾರಿನೊಳಗೆ ಇಲಿಪಾಷಾಣ ಮಾತ್ರ ಬೇಡ. ಇಲಿ ಕೈಗೆಟುಕದ ಸಂದಿಯಲ್ಲಿ ಸತ್ತು ನಾರುತ್ತದೆ. ಜಿಂಕ್ ಫಾಸ್ಫೈಡ್ ತೇವ ತಗಲಿದಾಗ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಮಕ್ಕಳು ಕೂರುವ ಜಾಗವೆಂಬುದನ್ನು ಮರೆಯಬಾರದು.

ಜ್ವರ ಬಂದರೆ

ಇಲಿ ಜ್ವರ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಒಂದು ತಿಂಗಳೂ ಹಿಡಿಯಬಹುದು. ಹಠಾತ್ ಜ್ವರ, ಕಣ್ಣು ಕೆಂಪಾಗುವುದು, ಮೀನಖಂಡ ಮುಟ್ಟಿದರೆ ಸಹಿಸಲಾಗದ ನೋವು ಇದರ ಲಕ್ಷಣಗಳು. ಬಹಳ ಜನರಲ್ಲಿ ಇದು ಸೌಮ್ಯವಾಗಿರುತ್ತದೆ. ಉಲ್ಬಣಿಸಿದರೆ ಕಾಮಾಲೆ, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಸಂಚಕಾರ. ಮೊದಲ ದಿನಗಳಲ್ಲೇ ಗುರುತಿಸಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ ಔಷಧಗಳೇ ಸಾಕಾಗುತ್ತವೆ. ಆದರೆ ಅವನ್ನು ವೈದ್ಯರೇ ಬರೆದುಕೊಡಬೇಕು.

ಆದ್ದರಿಂದ ಇಲಿ ಹೊಕ್ಕ ಕಾರನ್ನು ಶುಚಿ ಮಾಡಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಒಂದು ತಿಂಗಳೊಳಗೆ ಜ್ವರ ಬಂದರೆ ವೈದ್ಯರು ಕೇಳುವವರೆಗೆ ಕಾಯದೆ ನೀವೇ ಹೇಳಿ: ‘ಡಾಕ್ಟರೇ, ನಮ್ಮ ಕಾರಿನಲ್ಲಿ ಇಲಿ ಇತ್ತು.’ ಈ ಒಂದು ಮಾತು ನಿಮ್ಮ ಜೀವ ಉಳಿಸಬಹುದು.