ಅಪರೂಪವೆಂದರೆ ಅಪಾಯವೇ? ನೀಲಕುರಂಜಿಯ ಮೂಲಕ ಸಂರಕ್ಷಣಾ ಸ್ಥಿತಿಯ ಪಾಠ

ತರಗತಿ: 8. ವಿಷಯ: ವಿಜ್ಞಾನ. ಘಟಕ: ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ. ಅವಧಿಗಳು: 2 ಮತ್ತು ಒಂದು ಕ್ಷೇತ್ರಕಾರ್ಯ.

ಪಾಠದ ಅಗತ್ಯ

ಸಂರಕ್ಷಣೆ ಕುರಿತ ಅಭ್ಯಾಸ ಪಾಠಗಳು ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತವೆ. ಹುಲಿಯ ಚಿತ್ರ ತೋರಿಸಿ, ‘ಅಳಿವಿನಂಚು’ ಎಂದು ಹಲಗೆಯ ಮೇಲೆ ಬರೆದು, ನಾವೇನು ಮಾಡಬೇಕು ಎಂದು ಕೇಳಿದರೆ ಮಕ್ಕಳು ‘ಗಿಡ ಹಚ್ಚಬೇಕ್ರಿ’ ಎನ್ನುತ್ತಾರೆ. ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಹುಲ್ಲುಗಾವಲಿನ ಸಸ್ಯಕ್ಕೆ ಮರ ನೆಡುವುದೇ ಕುತ್ತಾಗಬಹುದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಗಾಯರಾಣ ನೋಡಿಯೇ ಬೆಳೆದ ಮಕ್ಕಳಿಗೆ ಈ ಮಾತು ತಲುಪಬೇಕು.

ಕಲಿಕಾ ಫಲಗಳು: ಅಪರೂಪ ಮತ್ತು ಅಪಾಯಗಳ ವ್ಯತ್ಯಾಸ ಹೇಳುವರು, ನೆಲೆ ನಷ್ಟದ ಪ್ರಮಾಣದಿಂದ ಸಂರಕ್ಷಣಾ ವರ್ಗವನ್ನು ಗುರುತಿಸುವರು, ‘ಈ ಜಾಗದಲ್ಲಿ ಮೊದಲು ಏನಿತ್ತು?’ ಎಂದು ಕೇಳಲು ಕಲಿಯುವರು.

ಹಂತ 1: ಪೀಠಿಕೆ

ಸವಣೂರಿನ ದೊಡ್ಡಹುಣಸೆ ಮರಗಳಿಂದ ಆರಂಭಿಸಿ. ನಮ್ಮ ಜಿಲ್ಲೆಯಲ್ಲಿ ಅವು ಬಲು ಅಪರೂಪ. ದೂರದ ಊರುಗಳಿಂದ ಜನ ನೋಡಲು ಬರುತ್ತಾರೆ. ಆದರೆ ಆಫ್ರಿಕಾದಲ್ಲಿ ಇದೇ ಜಾತಿಯ ಮರ ಹಲವು ದೇಶಗಳಲ್ಲಿ ಬೆಳೆಯುತ್ತದೆ. ಈಗ ಇಡೀ ಗುಡ್ಡವೇ ನೀಲಿಯಾದ ಕುರಂಜಿಯ ಚಿತ್ರ ತೋರಿಸಿ, ‘ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಅಪಾಯ?’ ಎಂದು ಕೇಳಿ. ಹೆಚ್ಚಿನವರು ದೊಡ್ಡಹುಣಸೆ ಎನ್ನಬಹುದು. ಉತ್ತರವನ್ನು ತಿದ್ದಬೇಡಿ, ಹಲಗೆಯ ಮೂಲೆಯಲ್ಲಿ ಬರೆದಿಡಿ.

ಹಂತ 2: ವಿವರಣೆ

ನೀಲಕುರಂಜಿ ಬೆಟ್ಟದ ಹುಲ್ಲುಗಾವಲಿನ ಪೊದೆ. 1,340ರಿಂದ 2,600 ಮೀಟರ್ ಎತ್ತರದಲ್ಲಿ ಬೆಳೆಯುತ್ತದೆ; ನಮ್ಮ ತಾಲ್ಲೂಕುಗಳ ನೆಲ ಅಷ್ಟು ಎತ್ತರದಲ್ಲಿಲ್ಲ. 12 ವರ್ಷಕ್ಕೊಮ್ಮೆ ಎಲ್ಲ ಗಿಡಗಳೂ ಒಟ್ಟಿಗೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಮುಂದಿನ ಪೀಳಿಗೆ ಏಳಬೇಕಾದುದು ಆ ಬೀಜದಿಂದಲೇ. ಹಾಗಾಗಿ ಹೂ ಬಿಟ್ಟ ವರ್ಷ ನೋಡಲು ಬಂದವರು ಗಿಡ ತುಳಿದರೆ, ಹೂ ಕಿತ್ತರೆ, ಆ ನಷ್ಟ ತುಂಬಲು ಮತ್ತೆ 12 ವರ್ಷ ಕಾಯಬೇಕು.

2024ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ‘ಅಪಾಯಕ್ಕೀಡಾಗಬಲ್ಲ’ ವರ್ಗಕ್ಕೆ ಸೇರಿತು. ಈ ಸಸ್ಯ 34 ಚದುರಿದ ಗುಂಪುಗಳಲ್ಲಿ ಉಳಿದಿದೆ. 33 ಗುಂಪುಗಳು ಪಶ್ಚಿಮ ಘಟ್ಟಗಳಲ್ಲಿ, ಒಂದು ಪೂರ್ವ ಘಟ್ಟಗಳ ಯೇರ್ಕಾಡಿನಲ್ಲಿ. ಚಹಾ ತೋಟ, ಮೆದುಮರದ ನೆಡುತೋಪು ಮತ್ತು ಊರುಗಳ ಬೆಳವಣಿಗೆಯಿಂದ ಅದರ ನೆಲೆಯಲ್ಲಿ ಸುಮಾರು ಶೇ. 40 ಕಳೆದುಹೋಗಿದೆ. ಉಳಿದ ಕಡೆಯೂ ಹೊರದೇಶದಿಂದ ಬಂದ ನೀಲಗಿರಿ ಮತ್ತು ವಾಟಲ್ ಮರಗಳು ಹುಲ್ಲುಗಾವಲನ್ನು ಆವರಿಸುತ್ತಿವೆ.

‘ನೀಲಗಿರಿ’ ಎಂಬ ಹೆಸರು ಮಕ್ಕಳನ್ನು ಗೊಂದಲಕ್ಕೆ ಈಡುಮಾಡಬಹುದು. ಅದು ಕುರಂಜಿ ಅರಳುವ ಬೆಟ್ಟಸಾಲಿನ ಹೆಸರೂ ಹೌದು, ಆಸ್ಟ್ರೇಲಿಯಾ ಮೂಲದ ಮರಕ್ಕೆ ನಾವು ಕೊಟ್ಟ ಹೆಸರೂ ಹೌದು. ಎರಡನ್ನೂ ಬಿಡಿಸಿ ಹೇಳಿ. ಅಂತೆಯೇ ಕುರಂಜಿ ಎಂದು ಜನ ಕರೆಯುವ ಸಸ್ಯಗಳಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳಿವೆ. 2022ರಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಅರಳಿದ ಹೂವಿನ ಫೋಟೊ ಬಳಸುವುದಾದರೆ ಈ ಮಾತನ್ನೂ ಸೇರಿಸಿ.

ಹಂತ 3: ಚಟುವಟಿಕೆ

ಪ್ರತಿ ಗುಂಪಿಗೆ 100 ಹುಣಸೆ ಬೀಜ ಕೊಡಿ. ಒಂದೊಂದು ಬೀಜ ಒಂದೊಂದು ತುಂಡು ಹುಲ್ಲುಗಾವಲು. ಹಲಗೆಯ ಮೇಲೆ ಹೀಗೆ ಬರೆಯಿರಿ:

ನಷ್ಟ ಶೇ. 30 ಅಥವಾ ಹೆಚ್ಚು: ಅಪಾಯಕ್ಕೀಡಾಗಬಲ್ಲ
ಶೇ. 50 ಅಥವಾ ಹೆಚ್ಚು: ಅಪಾಯಕ್ಕೀಡಾದ
ಶೇ. 80 ಅಥವಾ ಹೆಚ್ಚು: ತೀವ್ರ ಅಪಾಯಕ್ಕೀಡಾದ

ಮಕ್ಕಳು 40 ಬೀಜ ತೆಗೆದು ವರ್ಗವನ್ನು ತಾವೇ ಹೇಳಲಿ. ಬಳಿಕ ‘ಇನ್ನೆಷ್ಟು ತೆಗೆದರೆ ಮುಂದಿನ ವರ್ಗ?’ ಎಂದು ಕೇಳಿ. ಹತ್ತೇ ಬೀಜ ಎಂಬುದು ಕೈಗೇ ಗೊತ್ತಾಗುತ್ತದೆ. ಇಳಿಕೆಯನ್ನು 10 ವರ್ಷ ಅಥವಾ ಮೂರು ಪೀಳಿಗೆ, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟು ಅವಧಿಯಲ್ಲಿ ಅಳೆಯುತ್ತಾರೆ. ಪೀಳಿಗೆ 12 ವರ್ಷವೆಂದರೆ ಅವಧಿ ಎಷ್ಟು? 36 ಎಂದು ಮಕ್ಕಳೇ ಲೆಕ್ಕ ಹಾಕಲಿ. ಕೆಂಪು ಪಟ್ಟಿಗೆ ಐದು ಮಾನದಂಡಗಳಿದ್ದು, ಇದು ಅವುಗಳಲ್ಲಿ ಒಂದು ಮಾತ್ರ ಎಂದು ತಿಳಿಸಿ. ಈಗ ಹಲಗೆಯ ಮೂಲೆಯ ಉತ್ತರಕ್ಕೆ ಮರಳಿ: ಅಪಾಯವನ್ನು ಹೇಳುವುದು ಇಂದು ಕಾಣುವ ಹೂಗಳ ಸಂಖ್ಯೆಯಲ್ಲ, ಎಷ್ಟು ಕಳೆಯಿತು ಎಂಬ ಲೆಕ್ಕ.

ಪಟ್ಟಿ ಬೇರೆ, ಕಾನೂನು ಬೇರೆ. ಕೃಷ್ಣಮೃಗ ಕೆಂಪು ಪಟ್ಟಿಯಲ್ಲಿ ‘ಕಡಿಮೆ ಕಾಳಜಿ’ಯ ವರ್ಗದಲ್ಲಿದ್ದರೂ ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯಲ್ಲಿ ನೀಲಕುರಂಜಿ 3ನೇ ಅನುಸೂಚಿಗೆ ಸೇರಿತು.

ಹಂತ 4: ವಿಸ್ತರಣೆ

ಬೆಟ್ಟದಿಂದ ಈಗ ನಮ್ಮ ಜಿಲ್ಲೆಗೆ ಬನ್ನಿ. ಹಿರೇಕೆರೂರಿನ ನೆರೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಯಿತು. ವಿಸ್ತೀರ್ಣ 119 ಚದರ ಕಿ.ಮೀ. ಬಯಲಿನಲ್ಲಿ ಮೇಯುವ ಈ ಪ್ರಾಣಿಯ ಅಭಯಾರಣ್ಯದಲ್ಲೂ ನೀಲಗಿರಿ ನೆಡುತೋಪುಗಳಿವೆ. ಕುರಂಜಿಯ ನೆಲೆಗೆ ಬಂದ ಪ್ರಶ್ನೆ ಇಲ್ಲಿಗೂ ಬರುತ್ತದೆ.

ಮಳೆಗಾಲದಲ್ಲಿ ಊರ ಗಾಯರಾಣಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ದಾರದಿಂದ ಒಂದು ಮೀಟರ್ ಚೌಕ ಮಾಡಿ, ಬಯಲಲ್ಲಿ ಮೂರು ಕಡೆ, ನೆಡುತೋಪಿನ ನೆರಳಲ್ಲಿ ಮೂರು ಕಡೆ ಇಟ್ಟು, ಎಷ್ಟು ಬಗೆಯ ಸಸ್ಯಗಳಿವೆ ಎಂದು ಎಣಿಸಲಿ. ಸಸ್ಯ ಕೀಳುವುದು ಬೇಡ. ಕುರಿ ಕಾಯುವ ಹಿರಿಯರನ್ನು ಕೇಳಿ ಹುಲ್ಲುಗಳ ಹೆಸರು ಬರೆದುಕೊಳ್ಳಲಿ. ಫಲಿತಾಂಶ ಹೇಗೇ ಬಂದರೂ ಹಾಗೆಯೇ ದಾಖಲಿಸಬೇಕು.

ಮರವೇ ಕೆಟ್ಟದ್ದು ಎಂಬ ಭಾವನೆ ಮಕ್ಕಳಲ್ಲಿ ಉಳಿಯಬಾರದು. ಶಾಲೆಯ ಅಂಗಳ, ಹೊಲದ ಬದು, ರಸ್ತೆಯ ಅಂಚಿಗೆ ಮರ ಬೇಕು. ಹುಲ್ಲುಗಾವಲನ್ನು ‘ಬರೀ ಖಾಲಿ ಜಾಗ’ ಎಂದು ಎಣಿಸುವುದಷ್ಟೇ ತಪ್ಪು.

ಮೌಲ್ಯಮಾಪನ

1. ಒಂದು ಸಸ್ಯ ಒಂದೇ ಗುಡ್ಡದಲ್ಲಿ ಲಕ್ಷಗಟ್ಟಲೆ ಅರಳಿದೆ. ಅದು ಸುರಕ್ಷಿತ ಎನ್ನಬಹುದೇ? ಕಾರಣ ಕೊಡಿ.
2. ನೆಲೆಯ ನಷ್ಟ ಶೇ. 55 ಆದರೆ ವರ್ಗ ಯಾವುದು?
3. ನಿಮ್ಮೂರ ಗಾಯರಾಣದಲ್ಲಿ ಸಾವಿರ ಸಸಿ ನೆಡಲು ಪಂಚಾಯಿತಿ ಯೋಚಿಸಿದೆ. ಒಪ್ಪುವ ಮೊದಲು ನೀವು ಕೇಳುವ ಎರಡು ಪ್ರಶ್ನೆಗಳನ್ನು ಬರೆಯಿರಿ.

ಮೂರನೆಯ ಪ್ರಶ್ನೆಗೆ ಒಂದೇ ಸರಿಯುತ್ತರವಿಲ್ಲ. ಕೇಳಿದ ಪ್ರಶ್ನೆ ಆ ಜಾಗದ ಹಿಂದಿನ ಸ್ಥಿತಿಯನ್ನು ಹುಡುಕುವಂತಿದ್ದರೆ ಪೂರ್ಣ ಅಂಕ ಕೊಡಿ.