ಟಿ.ವಿ.ಗೆ ಕಂಪ್ಯೂಟರನ್ನು ಜೋಡಿಸುವ ಮುನ್ನ

ಮನೆಯ ಟಿ.ವಿ.ಗೆ ಕಂಪ್ಯೂಟರೊಂದನ್ನು ಜೋಡಿಸಿ, ಹಜಾರದಲ್ಲಿಯೇ ಚಿತ್ರಮಂದಿರದ ಸೊಗಸನ್ನು ಸವಿಯಬೇಕೆಂಬ ನಿಮ್ಮ ಅಭಿಲಾಷೆ ಯುಕ್ತವಾದುದೇ. ಆದರೆ ಬೆಲೆ ಏರಿದಷ್ಟೂ ಚಿತ್ರದ ಅಂದವೂ ಏರುವುದೆಂದು ಭಾವಿಸಿ, ಆಟಗಳಿಗೆಂದೇ ನಿರ್ಮಿತವಾದ ಭಾರಿ ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿಯುವ ಪ್ರಮಾದಕ್ಕೆ ಮಾತ್ರ ಎಡೆಗೊಡಬೇಡಿರಿ.

ಚಲನಚಿತ್ರವನ್ನು ತೋರಿಸಲು ಬೇಕಾದುದು ಅಂತಹ ಅಪಾರ ಬಲವಲ್ಲ, ಅಡಕಗೊಳಿಸಿದ ದೃಶ್ಯವನ್ನು ಬಿಡಿಸಿಕೊಡುವ ಡಿಕೋಡರ್. ಎಚ್‌ಇವಿಸಿ ಮತ್ತು 2018ರಲ್ಲಿ ಪ್ರಕಟವಾದ ಎವಿ1 ಎಂಬ ಅಡಕ ವಿಧಾನಗಳೆರಡನ್ನೂ ಅದು ಬಲ್ಲುದೇ ಎಂದು ಮೊದಲು ವಿಚಾರಿಸಿರಿ. ಇಂಟೆಲ್‌ನ 12ನೆಯ ಪೀಳಿಗೆಯ ಕೋರ್ ಪ್ರೊಸೆಸರುಗಳಲ್ಲಿ ಅಂತರ್ಗತವಾದ ಗ್ರಾಫಿಕ್ಸೇ ಈ ಕಾರ್ಯಕ್ಕೆ ಸಮರ್ಥವಾದುದರಿಂದ, ಅನೇಕರಿಗೆ ಪ್ರತ್ಯೇಕ ಕಾರ್ಡಿನ ಅವಶ್ಯಕತೆಯೇ ಇರದು. ಹೆಸರಿನ ತುದಿಯಲ್ಲಿ ‘ಎಫ್’ ಅಕ್ಷರವಿರುವ ಪ್ರೊಸೆಸರಿನಲ್ಲಿ ಮಾತ್ರ ಈ ಸೌಲಭ್ಯವಿಲ್ಲವೆಂಬುದನ್ನು ಮರೆಯದಿರಿ.

ಪೋರ್ಟಿನ ವಿಷಯದಲ್ಲಿಯೂ ಜಾಗರೂಕರಾಗಿರಬೇಕು. ಎಚ್‌ಡಿಎಂಐ 1.4 ಆವೃತ್ತಿಯು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿಯಷ್ಟೇ ಕಳುಹಿಸಬಲ್ಲುದಾಗಿ, ಮೌಸನ್ನು ಸರಿಸಿದಾಗ ಬಾಣದ ಗುರುತು ತಡವರಿಸುತ್ತ ಚಲಿಸುವುದು. 60 ಬಾರಿಗೆ 2.0 ಆವೃತ್ತಿ ಬೇಕು, ಅದೂ ಕಂಪ್ಯೂಟರು, ಟಿ.ವಿ., ನಡುವಣ ರಿಸೀವರು ಎಲ್ಲದರಲ್ಲಿಯೂ ಇರಬೇಕು.

ಕಾರ್ಡನ್ನೇ ಕೊಳ್ಳುವಿರಾದರೆ ಫ್ಯಾನಿಲ್ಲದುದನ್ನು ಆರಿಸಿಕೊಳ್ಳಿರಿ. ಮೆಲುದನಿಯ ಸಂಭಾಷಣೆಯ ನಡುವೆ ಫ್ಯಾನಿನ ಸದ್ದು ರಸಭಂಗವನ್ನುಂಟುಮಾಡುವುದು. ಜೋಡಿಸಿದ ಬಳಿಕ ಪರದೆಯ ಅಂಚು ಕತ್ತರಿಸಿದಂತೆ ಕಂಡರೆ, ಕಾರ್ಡನ್ನು ಹಳಿಯದೆ ಟಿ.ವಿ.ಯ ಓವರ್‌ಸ್ಕ್ಯಾನನ್ನು ನಿಲ್ಲಿಸಿ ನೋಡಿರಿ. ಅಂಗಡಿಗೆ ಹೊರಡುವ ಮೊದಲು ನಿಮ್ಮ ಟಿ.ವಿ.ಯ ಮಾಡೆಲ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು, ಅದಕ್ಕೆ ತಕ್ಕುದನ್ನೇ ಕೇಳಿ ಕೊಳ್ಳಿರಿ. ಉಳಿದ ಹಣ ಒಳ್ಳೆಯ ಸ್ಪೀಕರುಗಳಿಗೆ ಒದಗಲಿ.